ನಡುನೀರಿನ ಪಂಕ್ತಿ

ಮಂಠಾಳದಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ಮಠದ ದಾಸೋಹವಿರಲಿ, ಅಡುಗೆ ಯಾರೇ ಮಾಡಲಿ, ಬಡಿಸುವುದಕ್ಕೆ ಮಾತ್ರ ಕೇಶರಬಾಯಿಯೇ ಬರಬೇಕು. ಸೆರಗು ಸೊಂಟಕ್ಕೆ ಸಿಗಿಸಿ ಪಂಕ್ತಿಯ ತುದಿಯಲ್ಲಿ ನಿಂತಳೆಂದರೆ ಮುಗಿಯಿತು. ಗೌಡರ ಮಗನಾದರೂ ಅಷ್ಟೇ, ಕೂಲಿಯವನಾದರೂ ಅಷ್ಟೇ, ಆಕೆ ತೋರಿಸಿದಲ್ಲಿ ಕೂಡಬೇಕು, ಆಕೆ ಹೇಳಿದಾಗ ಏಳಬೇಕು. ನಡುವೆ ಯಾರಾದರೂ ಕೈ ತೊಳೆಯಲು ಎದ್ದರೋ, "ಏನಪಾ, ಬಸ್ ಹೊಂಟದೇನ್ ನಿಂದು? ಪಂಕ್ತಿ ಎದ್ದಿಲ್ಲ, ಕೂಡು ಸುಮ್ಮ!" ಎಂದು ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗುತ್ತಾಳೆ. ಎದ್ದವನು ಎಂಜಲು ಕೈಯಲ್ಲೇ ಮತ್ತೆ ಕುಕ್ಕರಿಸುತ್ತಾನೆ. ಹಿರಿಯರು ಉಂಡು ಮುಗಿಸುವ ಮುಂಚೆ ಏಳುವುದು ಅವಮರ್ಯಾದೆ ಎಂಬುದು ಆ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರಿಗೆ ಕೇಶರಬಾಯಿ ಗೊತ್ತು ಮಾಡಿಸಿದ್ದಾಳೆ.

ಊರನ್ನೇ ಕೂಡಿಸಿ ಎಬ್ಬಿಸುವ ಹೆಂಗಸು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರುತ್ತಾಳೆಯೇ? ಗಂಡ ಸಂಗಪ್ಪ ಪಾಪ, ಹೆಂಡತಿಯ ಮಾತಿಗೆ 'ಹೂಂ' ಅನ್ನುವುದನ್ನು ಮದುವೆಯಾದ ವರ್ಷವೇ ಕಲಿತುಕೊಂಡು ಹೊಲ, ಎತ್ತು, ತೊಗರಿ ಅಂತ ಸುಖವಾಗಿದ್ದಾನೆ. ಮಗ ಸಂಜುಕುಮಾರ ಹುಮನಾಬಾದದ ಹೈವೇ ಬದಿಗೆ ಲಾರಿ ಟೈರಿನ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಅಂಗಡಿಯ ಹಿಂದೆಯೇ ಒಂದು ಬಾಡಿಗೆ ಕೋಣೆ, ಅಲ್ಲೇ ಅವನ ವಾಸ. ಊರಿಗೆ ಬರುವುದು ರವಿವಾರ ಮಾತ್ರ. ಸೊಸೆ ಮೀನಾ ಇರುವುದು ಅತ್ತೆಯ ಬಳಿ. "ನಾಕ್ ದಿನ ನನ್ನ ಕೂಡ ಇರ್ಲಿ ಅವ್ವಾ" ಎಂದು ಮಗ ಒಂದೆರಡು ಸಲ ಕೇಳಿ ನೋಡಿದ್ದ. "ಲಾರಿ ಹೊಗಿ ಕುಡಕೋತ ಹೈವೇ ಮ್ಯಾಲ ಇರ್ಲಿಕ್ಕ ಆಕಿಗೇನಾಗ್ಯಾದ?" ಎಂದು ತಾಯಿ ಒಂದೇ ಮಾತಿಗೆ ಆ ವಿಷಯ ಮುಗಿಸಿದ್ದಳು. ಮೀನಾಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅವಳು "ಆತ್ರಿ ಅತ್ತಿ" ಅಂದೇ ಅನ್ನುತ್ತಿದ್ದಳು. ಆ ಹುಡುಗಿಯ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಆದರೆ ಕೇಶರಬಾಯಿಗೆ ಸೊಸೆಯ ಮೇಲೆ ಪ್ರೀತಿ ಇರಲಿಲ್ಲ ಅಂತ ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಮದುವೆಯಾಗಿ ವರ್ಷಗಳು ಕಳೆದರೂ ಮೀನಾಳಿಗೆ ಮಕ್ಕಳಾಗಿರಲಿಲ್ಲ. ಒಮ್ಮೆ ನಿಂತದ್ದು ಮೂರು ತಿಂಗಳಿಗೆ ಹೋಗಿಬಿಟ್ಟಿತ್ತು. ಆಗ ನೆರೆಹೊರೆಯವರು ಪಿಸುಗುಟ್ಟಿದರೆ ಅವರ ಅಂಗಳಕ್ಕೇ ಹೋಗಿ ನಿಂತು ಬಾಯಿ ಮುಚ್ಚಿಸಿ ಬಂದವಳು ಕೇಶರಬಾಯಿ. ಈಗ ಮತ್ತೆ ನಿಂತು ಏಳನೆಯ ತಿಂಗಳು ನಡೆಯುತ್ತಿತ್ತು. ಮೀನಾಳ ತಾಯಿ ಹುಲಸೂರಿನಲ್ಲಿ ತೀರಿಕೊಂಡು ಬಹಳ ದಿನವಾಗಿತ್ತು. ಹಾಗಾಗಿ ಸೀಮಂತದಲ್ಲಿ ತವರಿನ ಕುಬಸವೂ ನನ್ನದೇ, ಅತ್ತೆಮನೆಯ ಕುಬಸವೂ ನನ್ನದೇ ಎಂದು ಕೇಶರಬಾಯಿ ತಾನೇ ಹೆಗಲು ಕೊಟ್ಟಳು.

"ಬಯಕಿ ಏನದ ಹೇಳವ್ವಾ. ಬಾಯಿಬಿಟ್ಟು ಹೇಳು" ಎಂದು ಕೇಳಿದಳು.

ಮೀನಾ ಸೆರಗಿನ ತುದಿ ಸುತ್ತುತ್ತ ಮೆಲ್ಲಗೆ, "ನೀರಿನ ಮ್ಯಾಲ ಕುಂತು ಉಣಬೇಕು ಅನಸ್ತದ್ರಿ" ಅಂದಳು.

ಇದು ಅವಳೇ ಹುಟ್ಟಿಸಿಕೊಂಡ ಹುಚ್ಚಲ್ಲ. ಮಹಾರಾಷ್ಟ್ರದ ಗಡಿಗೆ ಹತ್ತಿದ ಆ ಊರುಗಳಲ್ಲಿ ಬಸುರಿಯ ಬಯಕೆ ಊಟ ತೋಟದಲ್ಲಿ ಮಾಡುವುದುಂಟು, ಬೆಳದಿಂಗಳಲ್ಲಿ ಮಾಡುವುದುಂಟು, ನಾವೆಯಲ್ಲಿ ಕೂಡಿಸಿಯೂ ಮಾಡುವುದುಂಟು. ಆದರೆ ಕೆರೆ ಎಲ್ಲಿ, ನಾವೆ ಎಲ್ಲಿ? ಈಗೀಗ ಬಸವಕಲ್ಯಾಣದ ಡೆಕೋರೇಶನ್ ಅಂಗಡಿಗಳಲ್ಲಿ ಥರ್ಮಾಕೋಲಿನ ನಾವೆ ಬಾಡಿಗೆಗೆ ಸಿಗುತ್ತದೆ. ಬಸುರಿಯನ್ನು ಅದರಲ್ಲಿ ಕೂಡಿಸಿ ಕೈಗೊಂದು ಹುಟ್ಟು ಕೊಟ್ಟು ಫೋಟೋ ಹೊಡೆದರೆ ಶಾಸ್ತ್ರ ಮುಗಿಯಿತು. ಓಣಿಯ ಯಶೋದಾಬಾಯಿ ಅದನ್ನೇ ಸೂಚಿಸಿದಳು. ವಯಸ್ಸಾದ ಹೆಂಗಸು, ಕೇಶರಬಾಯಿಗೆ ಎದುರು ಮಾತಾಡುವ ಧೈರ್ಯ ಊರಲ್ಲಿ ಅವಳೊಬ್ಬಳಿಗೇ ಇತ್ತು.

"ಥೂ! ಇಷ್ಟ ವರ್ಷ ಕಾದು ಥರ್ಮಾಕೋಲಿನಾಗ ಕೂಡಸ್ಲಾ?" ಎಂದು ಕೇಶರಬಾಯಿ ಎದ್ದು ನಿಂತಳು. "ಖರೇ ಬೋಟು, ಖರೇ ನೀರು. ಕಾರಂಜಾ ಡ್ಯಾಮಿನ ಹಿನ್ನೀರು ತುಂಬಿ ನಿಂತದ. ದಿನ ಪೂರ್ತಿ ನೀರಿನ ಮ್ಯಾಲೇ ಇರೂಣು."

ಸಂಜುಕುಮಾರ ಫೋನಿನಲ್ಲೇ ಹೌಹಾರಿದ. "ಅವ್ವಾ, ಏಳು ತಿಂಗಳ ಬಸರಿ. ನೀರಿನ ಮ್ಯಾಲ ಬ್ಯಾಡ. ನಿಮಗ್ಯಾರಿಗೂ ಈಜಾಕ ಬರಂಗಿಲ್ಲ."

"ಹ್ಯಾಂಗ ಒಯ್ತೀನಿ, ಹಂಗೇ ತಂದು ನಿನ್ನ ಮುಂದ ನಿಂದರಸ್ತೀನಿ. ಆತಿಲ್ಲೋ?"

ಮಗ ಸೋತ. ಆದರೂ ಒಂದು ಷರತ್ತು ಹಾಕಿದ: ಹೋಗುವುದಾದರೆ ಅಜೀಮನ ಬೋಟಿನಲ್ಲೇ ಹೋಗಬೇಕು. ಹಿನ್ನೀರಿನ ದಂಡೆಯಲ್ಲಿ ಮೀನು ಹಿಡಿಯುವ ಅಜೀಮ್ ರಜಾದಿನಗಳಲ್ಲಿ ಜನರನ್ನೂ ತಿರುಗಾಡಿಸುತ್ತಿದ್ದ. ಅವನ ಟೆಂಪೋದ ಟೈರು ಸಂಜುವಿನ ಅಂಗಡಿಗೇ ಬರುತ್ತಿದ್ದುದರಿಂದ ಇಬ್ಬರಿಗೂ ಸಲುಗೆಯಿತ್ತು. "ಅವ ಹೇಳ್ದಂಗ ಕೇಳ್ರಿ ಅವ್ವಾ, ನಿನಗ ಕೈ ಮುಗೀತೀನಿ" ಎಂದ ಮಗನಿಗೆ ಕೇಶರಬಾಯಿ ಹೂಂ ಹೂಂ ಅಂದಳು. ತಾನು ಹೊತ್ತ ಹರಕೆಯನ್ನು ಮಾತ್ರ ಅವನಿಗೆ ಹೇಳಲಿಲ್ಲ. ಬಸುರು ಉಳಿದು ಏಳನೆಯ ತಿಂಗಳಿಗೆ ಬಿದ್ದರೆ ಗಂಗಮ್ಮನಿಗೆ ನಟ್ಟನಡು ನೀರಿನಲ್ಲಿ ಒಂಬತ್ತು ಗಜದ ಹಸಿರು ಇರಕಲ್ ಸೀರೆ ಉಡಿಸುತ್ತೇನೆಂದು ಅವಳು ಎಂದೋ ಬೇಡಿಕೊಂಡಿದ್ದಳು.

ಆ ದಿನ ಬೆಳಗ್ಗೆ ಒಂದು ಕ್ರೂಸರ್ ಗಾಡಿ ಮಾಡಿಸಿ, ಓಣಿಯ ಹೆಂಗಸರೆಲ್ಲ ಬುಟ್ಟಿ ಬೋಗುಣಿಗಳ ಸಮೇತ ಹತ್ತಿದರು. ಸಜ್ಜೆ ರೊಟ್ಟಿ, ಕಾಳು ತರಕಾರಿಯ ಬಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರ ಬುತ್ತಿ, ಒಂದು ದೊಡ್ಡ ಪಾತ್ರೆ ಅಂಬಲಿ. ಬಸವಕಲ್ಯಾಣ ದಾಟಿ, ರಾಜೇಶ್ವರ ದಾಟಿ, ಹುಮನಾಬಾದದಲ್ಲಿ ಸಂಜುವಿನ ಅಂಗಡಿಯ ಮುಂದೆ ಗಾಡಿ ನಿಂತಿತು. ಅವನು ಕರಿ ಕೈ ಒರೆಸಿಕೊಳ್ಳುತ್ತ ಬಂದು ಹೆಂಡತಿಯ ಮುಖ ನೋಡಿದ. ಅಷ್ಟು ಜನರೆದುರು ಅವಳಿಗೇನು ಹೇಳುವುದು? "ನೀರ ಕುಡಕೋತಿರು" ಅಂದ. ಹೆಂಗಸರು ಹೋ ಎಂದು ನಕ್ಕರು. ಅವನು ಕಿವಿ ಕೆಂಪಾಗಿ ಟೈರುಗಳ ನಡುವೆ ಮಾಯವಾದ.

ದಂಡೆಯಲ್ಲಿ ಅಜೀಮ್ ಕಾಯುತ್ತಿದ್ದ. ಬೋಟು ಅಗಲವಾಗಿ ಗಟ್ಟಿಯಾಗಿತ್ತು. ಮೇಲೆ ನೆರಳಿಗೆ ತಾಡಪತ್ರಿ, ಹಿಂದೆ ಎಂಜಿನ್ನು. ಅವನ ಹೆಂಡತಿ ಜೈನಬಿ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೀಟುಗಳ ಗುಡ್ಡೆ ಹಾಕಿಕೊಂಡು ಒಬ್ಬೊಬ್ಬರಿಗೂ ತೊಡಿಸಿ, ಪಟ್ಟಿ ಎಳೆದು ನೋಡುತ್ತಿದ್ದಳು.

"ಇದೇನ್ರೇ, ಎತ್ತಿಗಿ ಹಬ್ಬಕ್ಕ ಜೂಲಾ ಹೊಚ್ಚಿದಂಗ!" ಎಂದಳು ಯಶೋದಾಬಾಯಿ. ಹೆಂಗಸರಿಗೆ ನಕ್ಕು ನಕ್ಕು ಸಾಕಾಯಿತು.

ಅಜೀಮ್ ನಗಲಿಲ್ಲ. "ಅಕ್ಕಾರೆಲ್ಲಾ ಜರಾ ಕೇಳ್ರಿ. ಜಾಕೀಟ ಬಿಚ್ಚಂಗಿಲ್ಲ. ಬೋಟಿನಾಗ ಎದ್ದು ನಿಂದ್ರಂಗಿಲ್ಲ. ಏನರ ಕಂಡ್ತಂತ ಎಲ್ಲಾರೂ ಒಂದೇ ಬಾಜೂಕ ಓಡಂಗಿಲ್ಲ. ನೀರಾಗ ಏನೂ ಬಿಡಂಗಿಲ್ಲ, ಹೂವಿನ ಹಾರ ಸೈತ. ಹೊತ್ತು ಇಳಿಮುಖ ಆತಂದ್ರ ಗಾಳಿ ಏಳ್ತದ, ಅಷ್ಟರಾಗ ನಾವು ವಾಪಸ ಈ ದಂಡಿಗಿ ಬರಬೇಕು." ಆಮೇಲೆ ಹೆಂಡತಿಯ ಕಡೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಹೇಳಿದ. ಯಾವ ಕಡೆ ಹೋಗುತ್ತೇವೆ, ಎಷ್ಟೊತ್ತಿಗೆ ಬರುತ್ತೇವೆ ಎಂದು ಹೇಳದೆ ಅವನು ಹಗ್ಗ ಬಿಚ್ಚುತ್ತಲೇ ಇರಲಿಲ್ಲ. ಹೊತ್ತು ಮೀರಿದರೆ ಜೈನಬಿ ಮೈದುನನ ಬೋಟು ಕಳಿಸಬೇಕು. ಅದು ಅವರ ಮನೆಯ ಪದ್ಧತಿ.

"ಬಾಳ ಮಾತಾಡ್ತಾನವ್ವಾ ಈತ" ಎಂದು ಕೇಶರಬಾಯಿ ಗೊಣಗಿದಳು. ತನಗಿಂತ ಹೆಚ್ಚು ಹುಕುಂ ಮಾಡುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ.

ಬೋಟು ಹೊರಟಿತು. ಅರೆ, ಎಂಥ ಸುಖ ಅದು! ಇಷ್ಟು ನೀರನ್ನು ಆ ಹೆಂಗಸರು ಎಂದೂ ಒಟ್ಟಿಗೆ ನೋಡಿದವರಲ್ಲ. ದೂರದ ತೊಗರಿ ಹೊಲಗಳು ಸರಿದು ಹೋದವು, ಬಕಗಳು ಎದ್ದು ಹಾರಿದವು. ಒಂದು ನಡುಗಡ್ಡೆಯ ದಿನ್ನೆಯನ್ನು ಸುತ್ತಿ ಬಂದರು. ಹಾಡಿನ ಮೇಲೆ ಹಾಡು. ಮೀನಾ ಬೆರಳ ತುದಿ ನೀರಿಗೆ ತಾಗಿಸಿ ಒಬ್ಬಳೇ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಕೇಶರಬಾಯಿ ಹಾಡಿನ ದನಿ ಏರಿಸಿದಳು. ಹೊಟ್ಟೆಯೊಳಗಿನದು ಬೆಳಗಿನಿಂದ ಒಂದೇ ಸಮನೆ ಒದೆಯುತ್ತಿತ್ತು. "ಅದಕ್ಕೂ ಖುಷಿ ಆಗ್ಯಾದ" ಅಂದರು ಎಲ್ಲರೂ.

ನಡುನೀರಿಗೆ ಬಂದಾಗ ಅಜೀಮ್ ಎಂಜಿನ್ ನಿಲ್ಲಿಸಿದ. ಆರತಿ, ಉಡಿ ತುಂಬುವುದು, ಆಮೇಲೆ ಊಟ. ಹೆಂಗಸರ ಶಾಸ್ತ್ರ ನಡೆಯುವಾಗ ಗಂಡಸು ಕಣ್ಣು ಹಾಯಿಸಬಾರದೆಂದು ಅವನು ತಾನಾಗಿಯೇ ಮುಂಗಡೆ ಹೋಗಿ, ಬೆನ್ನು ತಿರುಗಿಸಿ ಕೂತ. ಒಳ್ಳೆಯ ಮನಸ್ಸಿನಿಂದ ಕೂತದ್ದು. ಆದರೆ ಆ ಬೆನ್ನ ಹಿಂದೆ ನಡೆದದ್ದು ಎರಡು ತಪ್ಪು, ಎರಡೂ ಕೇಶರಬಾಯಿಯವೇ.

ಮೊದಲನೆಯದು ಜಾಕೀಟು. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ ಎಲ್ಲ ಆ ಕಿತ್ತಳೆ ಚೀಲದ ಕೆಳಗೆ ಮುಚ್ಚಿಹೋಗಿದ್ದವು. "ಆರತಿ ಮಾಡೂತನಾ ಬಿಚ್ಚವ್ವಾ, ಉಡಿ ಹ್ಯಾಂಗ ತುಂಬೂದು?" ಎಂದಳು. ಮೀನಾ ಅಜೀಮನ ಬೆನ್ನಿನ ಕಡೆ ಒಮ್ಮೆ ನೋಡಿದಳು, ಅತ್ತೆಯ ಮುಖ ನೋಡಿದಳು, "ಆತ್ರಿ" ಎಂದು ಬಿಚ್ಚಿದಳು. ಬಿಚ್ಚಿದ್ದನ್ನು ಕೇಶರಬಾಯಿ ಸುಮ್ಮನೆ ಇಡಲಿಲ್ಲ, ಅಂಬಲಿ ಪಾತ್ರೆ ಅಲುಗಾಡದಿರಲೆಂದು ಸಿಂಬಿ ಮಾಡಿ ಅದರ ಕೆಳಗೆ ತುರುಕಿದಳು.

ಎರಡನೆಯದು ಸೀರೆ. ಉಡಿ ತುಂಬಿ, ಆರತಿ ಎತ್ತಿ, ಹಾಡು ಮುಗಿಯುವಾಗ ಅವಳು ಬುಟ್ಟಿಯ ತಳದಿಂದ ಆ ಇರಕಲ್ ಸೀರೆ ತೆಗೆದು, ಕುಂಕುಮ ಹಚ್ಚಿ, ಮಡಿಕೆ ಬಿಚ್ಚಿ, ಹಿಂಬದಿಯಿಂದ ಮೆಲ್ಲಗೆ ನೀರಿಗೆ ಇಳಿಸಿದಳು. ನೀರಿನಲ್ಲಿ ಏನೂ ಬಿಡಬಾರದೆಂದು ಅಜೀಮ್ ಹೇಳಿದ್ದು ನೆನಪಿತ್ತು. ಆದರೆ ಅದು ಕಸಕಡ್ಡಿಯ ಮಾತು, ದೇವರ ಸೀರೆಗೆ ಯಾರ ಅಡ್ಡಿ? ಕಣ್ಣು ಮುಚ್ಚಿ ಕೈ ಮುಗಿದಳು. ಸೀರೆ ಹಸಿರಾಗಿ ಹರಡಿಕೊಂಡು ಎಂಜಿನ್ನಿನ ಬುಡದಲ್ಲೇ ತೇಲುತ್ತಿತ್ತು.

ಅಷ್ಟರಲ್ಲಿ ತಾಡಪತ್ರಿ ಪಟಪಟ ಬಡಿದುಕೊಂಡಿತು. ಅಜೀಮ್ ಆಕಾಶ ನೋಡಿದ. "ಗಾಳಿ ಇವತ್ತು ಲಗೂನೇ ಎದ್ದದ. ಊಟ ದಂಡಿ ಮಗ್ಗಲ ಹೋಗಿ ಮಾಡೂಣು" ಎಂದವನೇ ಹಿಂದೆ ಬಂದು ಎಂಜಿನ್ ಹಗ್ಗ ಎಳೆದ. ಎಂಜಿನ್ ಗರ್ ಎಂದಿತು, ಒಮ್ಮೆ ದಡಕ್ ಎಂದು ಕುಣಿಯಿತು, ಉಸಿರು ಕಟ್ಟಿದಂತೆ ನಿಂತುಬಿಟ್ಟಿತು.

"ಅಯ್ಯೋ ಸೀರಿ! ಗಂಗಮ್ಮನ ಸೀರಿ ಸುತಗೊಂಡದ!" ಎಂದು ಯಾರೋ ಕೂಗಿದರು. ಕೂಗಿದ್ದೇ ತಡ, ಎಲ್ಲರೂ ನೋಡುವುದಕ್ಕೆಂದು ಒಂದೇ ಮೂಲೆಗೆ ನುಗ್ಗಿದರು. ಬೋಟು ಆ ಕಡೆಗೆ ವಾಲಿತು. ಅಂಚಿನ ಮೇಲಿಂದ ನೀರು ಗಳಗಳ ಒಳಗೆ ಬಂತು. ಕಾಲಿಗೆ ತಣ್ಣನೆಯ ನೀರು ತಾಗಿದ್ದೇ ಕಿರುಚಾಟ ಎದ್ದು, ಎಲ್ಲರೂ ಇತ್ತ ಓಡಿದರು. ಬೋಟು ಇತ್ತ ವಾಲಿತು. ಅಂಚಿಗೆ ಕೂತಿದ್ದ ಮೀನಾ ಜಾರಿದಳು. ಅರ್ಧ ಮೈ ಹೊರಗೆ ಹೋಗಿತ್ತು, ಮೈಮೇಲೆ ಜಾಕೀಟಿರಲಿಲ್ಲ. ಕೇಶರಬಾಯಿ ಹಾರಿ ಅವಳ ಹೆರಳಿಗೇ ಕೈ ಹಾಕಿದಳು. ಹೆರಳು ಸಿಕ್ಕಿತು, ಆಮೇಲೆ ರಟ್ಟೆ ಸಿಕ್ಕಿತು, ಎಳೆದು ಬೋಟಿನ ತಳಕ್ಕೆ ಕೆಡವಿಕೊಂಡಳು.

ಅಜೀಮ್ "ಕೂಡ್ರಿ! ಕೂಡ್ರಿ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಯಾರು ಕೇಳಬೇಕು? ಜೀವ ಬಾಯಿಗೆ ಬಂದವರಿಗೆ ಕಿವಿ ಇರುವುದಿಲ್ಲ. ಇನ್ನೊಮ್ಮೆ ಎಲ್ಲರೂ ಆ ಕಡೆ ಓಡಿದ್ದರೆ ಬೋಟು ಮಗುಚಿಯೇ ಹೋಗುತ್ತಿತ್ತು.

ಆಗ ಕೇಶರಬಾಯಿಯ ಬಾಯಿಂದ ಆ ಮಾತು ಬಂತು. ಯೋಚನೆ ಮಾಡಿ ಆಡಿದ ಮಾತಲ್ಲ, ಜನ್ಮವಿಡೀ ಆಡಿದ ಮಾತು. "ಪಂಕ್ತಿ ಕೂಡ್ರೇ! ಇತ್ತ ಒಂದು ಸಾಲು, ಅತ್ತ ಒಂದು ಸಾಲು! ಮುಖಾಮುಖಿ! ಕೂಡ್ರೀ ಅಂದ್ನಿಲ್ಲೋ?"

ನೋಡಿ, ಮನುಷ್ಯರ ರೂಢಿ ಎಂಥದು! ಜೀವಭಯದಿಂದ ಅರಚುತ್ತಿದ್ದ ಹೆಂಗಸರು ಆ ದನಿ ಕೇಳಿದ್ದೇ ದಬದಬ ಕೂತುಬಿಟ್ಟರು. ಹಲಗೆಗಳ ಮೇಲಲ್ಲ, ಕೆಳಗೆ, ಬೋಟಿನ ತಳದ ನೀರಿನಲ್ಲೇ, ಚಕ್ಕಳಮಕ್ಕಳ ಹಾಕಿ, ಎರಡು ಸಾಲಾಗಿ. ಬೋಟು ಒಮ್ಮೆ ಆಚೀಚೆ ತೂಗಿ ನೆಟ್ಟಗಾಯಿತು.

"ಪಂಕ್ತಿ ಎದ್ದಿಲ್ಲ. ನಾ ಹೇಳೂತನಾ ಯಾರೂ ಅಳ್ಳಾಡಂಗಿಲ್ಲ" ಎಂದಳು. ದನಿ ಗಟ್ಟಿಯಾಗಿತ್ತು. ಅಂಬಲಿ ಪಾತ್ರೆಯನ್ನು ಒದ್ದು ಉರುಳಿಸಿ ಕೆಳಗಿನ ಜಾಕೀಟು ಎಳೆದು ತೆಗೆದು ಮೀನಾಳಿಗೆ ತೊಡಿಸಿದಳು. ಪಟ್ಟಿ ಹೊಟ್ಟೆಯ ಮೇಲೆ ಬಿಗಿಯಾಗದಂತೆ ಸಡಿಲಿಸಿ, ಎದೆಯ ಮೇಲೆ ಎರಡೆರಡು ಸಲ ಎಳೆದು ನೋಡಿದಳು.

ಮುಂದಿನದನ್ನು ಅಜೀಮ್ ಹೇಳಿದ, ಕೇಶರಬಾಯಿ ತನ್ನ ದನಿಯಲ್ಲಿ ಸಾಲಿಗೆ ಮುಟ್ಟಿಸಿದಳು. ಅವನು ಮುಂಗಡೆಯಿಂದ ಲಂಗರಿನ ಕಲ್ಲು ಇಳಿಬಿಟ್ಟ. ಹಗ್ಗ ಬಿಗಿಯಾಗಿ ಬೋಟಿನ ಮೂತಿ ಗಾಳಿಗೆ ಎದುರಾಯಿತು, ಅಡ್ಡಡ್ಡ ಹೊಡೆಯುತ್ತಿದ್ದ ಅಲೆ ಈಗ ಎರಡು ಪಾಲಾಗಿ ಸರಿಯತೊಡಗಿತು. ಗಾಳಿಗೆ ಹಿಗ್ಗಿ ಬೋಟನ್ನು ಎಳೆಯುತ್ತಿದ್ದ ತಾಡಪತ್ರಿ ಬಿಚ್ಚಿ ಮಡಚಿದ. ಹೆಂಗಸರು ಬೋಗುಣಿ, ತಂಬಿಗೆ, ಅಂಬಲಿಯ ಸೌಟು ಹಿಡಿದು ಕೂತಲ್ಲಿಂದಲೇ ನೀರು ಹೊರಗೆ ಚೆಲ್ಲಿದರು. ಅಜೀಮ್ ಪ್ಲಾಸ್ಟಿಕ್ ಚೀಲದೊಳಗಿನ ಫೋನು ತೆಗೆದು ನೋಡಿದ, ಸಿಗ್ನಲ್ ಇಲ್ಲ. "ಹೆದರಬ್ಯಾಡ್ರಿ. ಹೊತ್ತಿಗಿ ಬರ್ಲಿಲ್ಲಂದ್ರ ಜೈನಬಿ ಸುಮ್ಮ ಕೂಡಂಗಿಲ್ಲ" ಎಂದ.

ಆಮೇಲೆ ಎಂಜಿನ್ನನ್ನು ಮೇಲಕ್ಕೆತ್ತಿ ಚಾಕು ಹಿಡಿದು ಹಿಂದೆ ಬಾಗಿದವನು ಕೇಶರಬಾಯಿಯತ್ತ ತಿರುಗಿದ. ಎಂಜಿನ್ನಿನ ಪಂಖಕ್ಕೆ ಸೀರೆ ಹುರಿ ಹೊಸೆದ ಹಾಗೆ ಸುತ್ತಿಕೊಂಡಿತ್ತು. "ಅಕ್ಕಾ, ಇದು ಬಿಚ್ಚೂ ಹಂಗಿಲ್ಲ. ಕೊಯ್ಬೇಕು. ನಿಮ್ಮ ದೇವರ ಸೀರಿ..."

ಹೆಂಗಸರು ಉಸಿರು ಬಿಗಿಹಿಡಿದರು. ಹರಕೆಯ ಸೀರೆ, ಅದೂ ಬಸುರಿಯ ಉಡಿ ತುಂಬಿದ ದಿನ, ಕತ್ತರಿಸುವುದೇ? ಕೇಶರಬಾಯಿ ಸೊಸೆಯ ತುಂಬಿದ ಉಡಿಯ ಕಡೆ ನೋಡಿದಳು. ಒಂದು ಕ್ಷಣ, ಅಷ್ಟೇ.

"ಕೊಯ್ಯೋ ತಮ್ಮಾ. ಗಂಗಮ್ಮಗ ಸೀರಿ ಬೇಕಾದ್ರ ನನ್ನ ಮೈಮ್ಯಾಗಿಂದು ಕೊಡ್ತೀನಿ. ನನ್ನ ಸೊಸಿ ದಂಡಿ ಮುಟ್ಟಬೇಕು."

ಅವನು ಕೊಯ್ದ. ಹಸಿರು ಚೂರುಗಳನ್ನು ಮತ್ತೆ ನೀರಿಗೆ ಬಿಡದೆ ಬುಟ್ಟಿಗೆ ತುಂಬಿದ. ಆದರೆ ಹಗ್ಗ ಎಷ್ಟು ಎಳೆದರೂ ಪಂಖ ತಿರುಗಲಿಲ್ಲ, ಒಳಗೇನೋ ಮುರಿದಿತ್ತು. ಇನ್ನು ಕಾಯುವುದೊಂದೇ ದಾರಿ.

ಕಾಯುವ ಆ ಹೊತ್ತಿನಲ್ಲಿ ಮೀನಾ ಅತ್ತೆಯ ಕೈ ಹಿಡಿದು, ಬೇರೆ ಯಾರಿಗೂ ಕೇಳದಂತೆ ಕಿವಿಯಲ್ಲಿ ಹೇಳಿದಳು: "ಅತ್ತಿ, ಮುಂಜಾನಿಂದ ಒದಿಯಾಕತ್ತಿತ್ತು. ಈಗ ಒದಿಯೂದು ಬಿಟ್ಟದ್ರಿ."

ಕೇಶರಬಾಯಿ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ನೀರಿಗೆ ಬೀಳುವುದನ್ನು ತಪ್ಪಿಸಬಹುದು, ಹೆರಳು ಹಿಡಿದು ಎಳೆಯಬಹುದು. ಇದಕ್ಕೆಲ್ಲಿ ಕೈ ಹಾಕುವುದು? ತಾನೇ ಎಳೆದು ತಳಕ್ಕೆ ಕೆಡವಿದ್ದಲ್ಲವೇ, ಹೊಟ್ಟೆಗೇನಾದರೂ ಬಡಿಯಿತೇ? ಜಾಕೀಟು ಬಿಚ್ಚಿಸಿದ್ದು ನಾನು. ಸೀರೆ ಬಿಟ್ಟದ್ದು ನಾನು. ಇಲ್ಲಿಗೆ ಕರೆತಂದದ್ದೇ ನಾನು. ಹಾಗೆ ಒಂದೊಂದೇ ಮನಸ್ಸಿಗೆ ಬಂದು ಚುಚ್ಚತೊಡಗಿತು. ಆದರೂ ಎದುರಿಗೆ ಎರಡು ಸಾಲು ಹೆಂಗಸರು ತನ್ನ ಮುಖವನ್ನೇ ನೋಡುತ್ತ ಕೂತಿದ್ದರು. ತಾನು ಅತ್ತರೆ ಸಾಲು ಮುರಿಯುತ್ತದೆ. ಮೀನಾಳನ್ನು ತನ್ನ ಎದೆಗೆ ಒರಗಿಸಿಕೊಂಡು, ಒದ್ದೆ ಮೈಗೆ ತಾಡಪತ್ರಿ ಸುತ್ತಿ, ಕೇಶರಬಾಯಿ ಪಂಕ್ತಿಯಲ್ಲಿ ಕೂತವರಿಗೆ ಹೇಳುವ ದನಿಯಲ್ಲೇ, "ಯಶೋದಕ್ಕ, ಒಂದು ಹಾಡು ಹೇಳು. ಸುಮ್ಮ ಕುಂದ್ರಬ್ಯಾಡ್ರಿ" ಎಂದಳು. ಯಶೋದಾಬಾಯಿ ಹಾಡಿದಳು, ಉಳಿದವರು ಸೊಲ್ಲೆತ್ತಿದರು. ಕೇಶರಬಾಯಿ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಲೇ ಇದ್ದಳು. ಕೈಗೆ ಏನೂ ತಾಗಲಿಲ್ಲ.

ಕೊನೆಗೂ ದೂರದಲ್ಲಿ ಎಂಜಿನ್ ಸದ್ದು ಕೇಳಿತು. ಜೈನಬಿ ಕಳಿಸಿದ ಬೋಟು! ಕೂಗೆಬ್ಬಿಸಿ ಏಳಹೊರಟ ಒಬ್ಬಳ ಸೆರಗು ಹಿಡಿದು ಪಕ್ಕದವಳೇ ಕೂಡಿಸಿದಳು. ಆ ಬೋಟಿಗೆ ಹಗ್ಗ ಕಟ್ಟಿ, ಗಾಳಿಗೆ ಮೂತಿ ಕೊಟ್ಟುಕೊಂಡೇ ನಿಧಾನ ಎಳೆಸಿಕೊಂಡು ದಂಡೆಗೆ ಬಂದರು. ಬೋಟಿನ ತಳಕ್ಕೆ ಮರಳು ಕರ್ ಎಂದು ಸವರಿದಾಗ ಯಶೋದಾಬಾಯಿ ಗೊಳೋ ಎಂದು ಅತ್ತಳು, ಅತ್ತ ಮೇಲೆ ನಕ್ಕಳು. "ಏ ಕೇಶರಾ, ಈಗರ ಪಂಕ್ತಿ ಎಬ್ಬಸ್ತೀಯೋ ಇಲ್ಲೋ?"

"ಏಳ್ರೆವ್ವಾ" ಎಂದಳು ಕೇಶರಬಾಯಿ.

ಜೈನಬಿಯ ಫೋನು ಹೋಗಿ ಸಂಜುಕುಮಾರ ಅಷ್ಟರಲ್ಲಾಗಲೇ ಬಂದು ಮೊಣಕಾಲು ನೀರಿನಲ್ಲಿ ನಿಂತಿದ್ದ. ಹೆಂಡತಿಯನ್ನು ಕೈ ಹಿಡಿದು ಇಳಿಸಿಕೊಂಡ. ತಾಯಿಯ ಮುಖ ನೋಡಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಗಾಡಿ ಹಚ್ಚೋ. ಹುಮನಾಬಾದ ದವಾಖಾನಿಗಿ" ಎಂದಷ್ಟೇ ಹೇಳಿದಳು.

ದವಾಖಾನೆಯ ಡಾಕ್ಟರಮ್ಮ ಎಲ್ಲ ಕೇಳಿಕೊಂಡು ಮೀನಾಳನ್ನು ಎಡ ಮಗ್ಗುಲಿಗೆ ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ಲಿ ಹಚ್ಚಿ, ಒಂದು ಸಣ್ಣ ಯಂತ್ರ ಇಟ್ಟು ಸರಿಸತೊಡಗಿದರು. ಬರೀ ಗರಗರ ಸದ್ದು. ಇನ್ನೊಂದು ಕಡೆ ಸರಿಸಿದರು, ಮತ್ತೆ ಗರಗರ. ಕೇಶರಬಾಯಿ ಗೋಡೆ ಹಿಡಿದು ನಿಂತಿದ್ದಳು. ಆಗ ಗರಗರದೊಳಗಿಂದ ಒಂದು ಸದ್ದು ಎದ್ದಿತು. ಡಬ್ ಡಬ್ ಡಬ್ ಡಬ್, ಜೋರಾಗಿ, ಅವಸರದಲ್ಲಿ.

"ಕೇಳಿಸ್ತಾ? ಎಷ್ಟು ಚೆನ್ನಾಗಿ ಬಡೀತಿದೆ ನೋಡಿ" ಎಂದರು ಡಾಕ್ಟರಮ್ಮ.

ಕೇಶರಬಾಯಿ ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ಅಷ್ಟು ಹೊತ್ತು ತಡೆದ ಕಣ್ಣೀರೆಲ್ಲ ಆಗ ಹೊರಗೆ ಬಂತು. "ಇನ್ನೊಮ್ಮಿ ಕೇಳಸ್ರಿ ಯವ್ವಾ, ಇನ್ನೊಂದ ಸಲ" ಎಂದು ಕೇಳಿದಳು. ಡಾಕ್ಟರಮ್ಮ ನಕ್ಕು ಮತ್ತೆ ಕೇಳಿಸಿದರು. ಹೊಟ್ಟೆಯ ಸ್ಕ್ಯಾನ್ ಕೂಡ ಮಾಡಿ ನೋಡಿದರು, ಎಲ್ಲ ಸುರಕ್ಷಿತವಾಗಿತ್ತು. ಬೆಳಗಿನಿಂದ ಏನು ತಿಂದಿರಿ ಎಂದು ವಿಚಾರಿಸಿದರೆ, ಬಯಕೆ ಊಟಕ್ಕೆಂದು ಹೋದವಳು ಒಂದು ತುತ್ತೂ ಉಂಡಿರಲಿಲ್ಲ! "ತಾಯಿ ಹೆದರಿ, ಹಸಿದು ಕೂತರೆ ಕೂಸೂ ಸುಮ್ಮನಾಗಬಹುದು. ಮೊದಲು ಊಟ ಮಾಡಿಸಿ. ರಾತ್ರಿ ಇಲ್ಲೇ ಇರಲಿ, ಮುಂದೆಯೂ ಆಗಾಗ ಬಂದು ತೋರಿಸುತ್ತಿರಿ" ಎಂದರು.

ಸಂಜು ಓಡಿಹೋಗಿ ಕ್ರೂಸರಿನಿಂದ ಬುಟ್ಟಿ ತಂದ. ಸಜ್ಜೆ ರೊಟ್ಟಿ ನೀರು ಕುಡಿದು ಮುದ್ದೆಯಾಗಿತ್ತು. ಡಬ್ಬಿಯೊಳಗಿನ ಬಜ್ಜಿ, ಮೊಸರ ಬುತ್ತಿ, ಹೋಳಿಗೆ ಮಾತ್ರ ಹೇಗಿದ್ದವೋ ಹಾಗೇ ಇದ್ದವು. ಕೇಶರಬಾಯಿ ತಾನೇ ಕಲಸಿ ತುತ್ತು ಮಾಡಿ ಸೊಸೆಯ ಬಾಯಿಗಿಟ್ಟಳು. ನಾಲ್ಕು ತುತ್ತು ಒಳಗೆ ಹೋಗುತ್ತಿದ್ದಂತೆ ಮೀನಾ "ಹಾಂ!" ಎಂದು ತಡ ಮಾಡದೆ ಅತ್ತೆಯ ಎಂಜಲು ಕೈಯನ್ನೇ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಗುದ್ದು, ಹಿಂದೆಯೇ ಇನ್ನೊಂದು. ಸಂಜು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಹೋದ ಜೀವ ಬಂದಂತಾಗಿ ಮೂವರೂ ನಕ್ಕರು.

ನಗು ತಣಿದ ಮೇಲೆ ಕೇಶರಬಾಯಿ ಕೈ ತೊಳೆದು ಬಂದು ಸೊಸೆಯ ಮಂಚದ ಹತ್ತಿರ ನಿಂತಳು. "ನನ್ನ ತಪ್ಪವ್ವಾ" ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದನ್ನು ಮಗ ಅವತ್ತೇ ಮೊದಲು ಕೇಳಿದ್ದು. "ಅಷ್ಟು ಹೇಳಿದ್ದ ಅಜೀಮ. ನಾನೇ ಬಿಚ್ಚಸ್ದೆ. ನಾನೇ ಸೀರಿ ಬಿಟ್ಟೆ."

ಮೀನಾ ಅತ್ತೆಯ ಸೆರಗು ಹಿಡಿದಳು. "ಬಿಚ್ಚಬಾರದಂತ ನನಗೂ ಗೊತ್ತಿತ್ರಿ ಅತ್ತಿ. ಬಾಯಿಗಿ ಬಂದಿತ್ತು. ಹೇಳಾಕ ಆಗ್ಲಿಲ್ಲ."

ಕೇಶರಬಾಯಿಗೆ ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಇಡೀ ಚಪ್ಪರವನ್ನು ಸುಮ್ಮನಿರಿಸುವ ತನ್ನ ದನಿ ಈ ಹುಡುಗಿಯ ಗಂಟಲಲ್ಲಿ ಏನು ಮಾಡಿಟ್ಟಿದೆ ಎಂದು ಅವಳು ಎಂದೂ ನೋಡಿರಲಿಲ್ಲ. "ಇನ್ನ ಮ್ಯಾಲ ಹೇಳವ್ವಾ. ನಾ ಎಷ್ಟೇ ಒದರ್ಲಿ, ಹೇಳು" ಎಂದು ಮೀನಾಳ ತಲೆ ಸವರಿ, ತಾನೇ ಮುಜುಗರಗೊಂಡು ಬುಟ್ಟಿ ಜೋಡಿಸತೊಡಗಿದಳು. ಹಾಗೆಯೇ ಅಭ್ಯಾಸಬಲದಿಂದ ಮುಂದಿನ ಹುಕುಂ ಹೊರಟಿತು: "ನಾಳಿ ಮುಂಜಾನಿ ಇದೇ ಗಾಡಿ ಕಳಸ್ತೀನಿ. ಸೀದಾ ಮಂಠಾಳಕ್ಕ ಬಂದು ಬಿಡು. ಹಡೀತನಾ ಹೊಸ್ತಿಲ ದಾಟೂದು ಬ್ಯಾಡ."

ಮೀನಾ ಗಂಡನ ಮುಖ ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು.

"ಒಲ್ಲೆ ಅತ್ತಿ" ಅಂದಳು. ದನಿ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ. "ನಾ ಇಲ್ಲೇ ಇರ್ತೀನ್ರಿ, ಹುಮನಾಬಾದದಾಗ. ಇವರ ಹಂತ್ಯಾಕ. ದವಾಖಾನಿ ಬಾಜೂಕೇ ಅದ."

ಸಂಜುಕುಮಾರ ತಾಯಿಯನ್ನು ನೋಡಿದ. ಕೇಶರಬಾಯಿ ಬಾಯಿ ತೆರೆದಳು. ಲಾರಿ ಹೊಗೆಯ ಮಾತು, ಮನೆತನದ ಮಾತು, ಎಲ್ಲ ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದವು. ಅವನ್ನೆಲ್ಲ ನುಂಗಿಕೊಂಡಳು.

"ಹೂಂ" ಅಂದಳು. ಬುಟ್ಟಿಯಲ್ಲಿ ಉಳಿದಿದ್ದ ಹೋಳಿಗೆಗಳನ್ನು ಸೊಸೆಯ ತಲೆದಿಂಬಿನ ಪಕ್ಕಕ್ಕೆ ತೆಗೆದಿಟ್ಟು, ಖಾಲಿ ಬುಟ್ಟಿ ಕಂಕುಳಿಗೇರಿಸಿ, ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದ ಹೆಂಗಸರ ಕಡೆಗೆ ಒಬ್ಬಳೇ ನಡೆದಳು.